ಗದ್ದೆಬೈಲಿನ ಮೇಲೆ ಹೆದ್ದಾರಿ: ತೂಗುವುದು ಹೇಗೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಪಕ್ಕದ ಪೇಟೆಯ ಇಕ್ಕಟ್ಟು ತಪ್ಪಿಸಲು ರಾಷ್ಟ್ರೀಯ ಹೆದ್ದಾರಿಗೆ ಬೈಪಾಸ್ ಬರುತ್ತದಂತೆ. ಗುರುತಿನ ಕಲ್ಲು ನೆಟ್ಟು ಹೋಗಿದ್ದಾರೆ. ಅದು ನಮ್ಮ ಬೈಲುಗದ್ದೆಗಳನ್ನು ಸೀಳಿಕೊಂಡು, ಕೆರೆಯ ಹಿನ್ನೀರು ದಾಟಿ, ಕಾನಿನ (ದಟ್ಟ ನಿತ್ಯಹಸಿರು ಕಾಡಿನ) ಅಂಚಿನ ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳ ಜೌಗಿನ) ಪಕ್ಕದಲ್ಲೇ ಹೋಗುತ್ತದೆ. ಊರು ಎರಡು ಗುಂಪಾಗಿದೆ, ನಮ್ಮ ಮನೆಯೂ ಅಷ್ಟೇ. ಅಣ್ಣ ರಸ್ತೆ ಬರಲೇಬೇಕು ಅನ್ನುತ್ತಾನೆ. ಹೋದ ಮಳೆಗಾಲದಲ್ಲಿ ಅಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುವಾಗ ಪೇಟೆ ದಾಟುವುದಕ್ಕೇ ಅರ್ಧ ಗಂಟೆ ಹಿಡಿದಿತ್ತು. ನನಗೆ ಗದ್ದೆ, ನೀರು, ಜಡ್ಡಿಯ ಚಿಂತೆ. ಇಂಥದ್ದನ್ನು ತೂಗುವುದಕ್ಕೆ ಸರಿಯಾದ ಲೆಕ್ಕ ಅಂತ ಏನಾದರೂ ಇದೆಯಾ?

ಉತ್ತರ: ಲೆಕ್ಕಗಳಿಗೇನೂ ಬರ ಇಲ್ಲ. 1971ರಲ್ಲೇ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಲೂನಾ ಲಿಯೋಪೋಲ್ಡ್ ಮತ್ತು ಸಂಗಡಿಗರು ಒಂದು ದೊಡ್ಡ ಕೋಷ್ಟಕ ಮಾಡಿದರು. ಒಂದು ಕಡೆ ಯೋಜನೆಯ 100 ಬಗೆಯ ಕೆಲಸಗಳು, ಇನ್ನೊಂದು ಕಡೆ ಪರಿಸರದ 88 ಅಂಶಗಳು. ಕೋಷ್ಟಕದ ಪ್ರತಿ ಚೌಕದಲ್ಲೂ ಎರಡು ಅಂಕಿ ಬರೆಯಬೇಕು: ಪರಿಣಾಮ ಎಷ್ಟು ದೊಡ್ಡದು, ಎಷ್ಟು ಮುಖ್ಯ. ಎರಡಕ್ಕೂ 1ರಿಂದ 10ರ ಒಳಗೆ. ಇಂದಿಗೂ ನಮ್ಮ ಪರಿಸರ ವರದಿಗಳಲ್ಲಿ ಇದರ ಮರಿ-ಮೊಮ್ಮಕ್ಕಳು ಕಾಣಿಸುತ್ತವೆ. ಯಾವುದನ್ನೂ ಮರೆಯದಿರಲು ಒಳ್ಳೆಯ ಪಟ್ಟಿ ಅದು. ಆ ಅಂಕಿಗಳನ್ನೆಲ್ಲ ಕೂಡಿಸಿ ಒಂದೇ ಮೊತ್ತ ಮಾಡಿದಾಗ ತೊಂದರೆ ಶುರುವಾಗುತ್ತದೆ. ಆಂಬ್ಯುಲೆನ್ಸ್ ಉಳಿಸುವ ಅರ್ಧ ಗಂಟೆಗೆ 7 ಅಂಕ, ಜಡ್ಡಿ ಹಾಳಾಗುವುದಕ್ಕೆ 6, ಕಳೆದರೆ ಒಂದು ಉಳಿಯಿತು, ಹಾಗಾಗಿ ರಸ್ತೆ ಮಾಡಿ! ಆ 7 ಯಾರು ಕೊಟ್ಟರು, 6 ಯಾಕೆ 9 ಆಗಲಿಲ್ಲ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಹಾಗಾಗಿ ಅಂಕಿಯ ಜಗಳಕ್ಕೆ ಹೋಗಬೇಡಿ. ನಾನು ನೋಡಿದ ಮಟ್ಟಿಗೆ, ತಪ್ಪು ತೂಕದಿಂದ ಹಾಳಾದ ತೀರ್ಮಾನಗಳು ಕಡಿಮೆ. ಪಟ್ಟಿಗೆ ಏನನ್ನು ಸೇರಿಸಲೇ ಇಲ್ಲ, ಯಾವ ಕಾಲದಲ್ಲಿ ಬಂದು ನೋಡಿದರು, ಬೇರೆ ದಾರಿಗಳು ಇನ್ನೂ ತೆರೆದಿದ್ದಾಗ ನೋಡಿದರೋ ಕಲ್ಲು ನೆಟ್ಟ ಮೇಲೋ, ಇದರಲ್ಲೇ ಮುಕ್ಕಾಲು ಪಾಲು ಮುಗಿದಿರುತ್ತದೆ. ನೀವು ಕೆಲಸ ಮಾಡಬೇಕಾದ್ದು ಅಲ್ಲಿ.

ನೀರಿನಿಂದ ಶುರು ಮಾಡೋಣ. ಗದ್ದೆ, ಕೆರೆ, ಜಡ್ಡಿ ಅಂತ ನೀವು ಮೂರು ಜಾಗ ಹೇಳಿದ್ದೀರಿ. ಮೂರಕ್ಕೂ ನೀರು ಒಂದೇ.

ಮಳೆ ಗುಡ್ಡದ ಮೇಲೆ ಬೀಳುತ್ತದೆ. ಜಂಬಿಟ್ಟಿಗೆಯ ನೆಲದಲ್ಲಿ ಇಂಗುತ್ತದೆ. ಬೈಲಿನ ಅಂಚಿನಲ್ಲಿ ಒರತೆಯಾಗಿ ಏಳುತ್ತದೆ. ಗದ್ದೆ, ಜೌಗು ಅದನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಕೆಳಗೆ ಬಿಡುತ್ತವೆ. ಮಾರ್ಚಿನಲ್ಲಿ ನಿಮ್ಮ ತೋಟದ ಬಾವಿಯಲ್ಲಿ ನೀರಿದ್ದರೆ ಅದು ಹಿಂದಿನ ವರ್ಷದ ಪುಷ್ಯ, ಆಶ್ಲೇಷ ಮಳೆಯ ನೀರು. ಇಂಥ ಬೈಲಿಗೆ ಅಡ್ಡಲಾಗಿ ಮೂರು–ನಾಲ್ಕು ಮೀಟರ್ ಮಣ್ಣು ಏರಿಸಿದರೆ ಅದು ಕೆರೆ ಏರಿಯ ಹಾಗೇ. ತೂಬೂ ಇಲ್ಲ, ಕೋಡಿಯೂ ಇಲ್ಲ, ಅಷ್ಟೇ ವ್ಯತ್ಯಾಸ.

ಮೋರಿ ಇಡುತ್ತೇವಲ್ಲ ಅನ್ನುತ್ತಾರೆ. ಇಡುತ್ತಾರೆ, ನಿಜ. ಸಾಮಾನ್ಯವಾಗಿ ನಕ್ಷೆಯಲ್ಲಿ ಹಳ್ಳ ಅಂತ ಗೆರೆ ಇರುವ ಕಡೆ ಇಡುತ್ತಾರೆ. ಆದರೆ ಮಳೆಗಾಲದಲ್ಲಿ ಬೈಲಿನ ನೀರು ಹಳ್ಳದಲ್ಲಿ ಮಾತ್ರ ಹರಿಯುವುದಿಲ್ಲ. ಗದ್ದೆಯಿಂದ ಗದ್ದೆಗೆ, ಬದುವಿನ ಮೇಲಿಂದ, ಬೈಲಿನ ಇಡೀ ಅಗಲಕ್ಕೆ ತೆಳ್ಳಗೆ ಹರಿಯುತ್ತದೆ. ಇನ್ನೂರು ಮೀಟರ್ ಅಗಲಕ್ಕೆ ಹರಡಿದ ನೀರನ್ನು ಎರಡು ಮೋರಿಯ ಬಾಯಿಗೆ ತುರುಕಿದರೆ ಏನಾಗುತ್ತದೆ? ಮೇಲ್ಗಡೆ ನೀರು ನಿಲ್ಲುತ್ತದೆ. ನಾಟಿ ಕೊಳೆಯುತ್ತದೆ. ಅಂಚಿನ ಅಡಿಕೆ ತೋಟದ ಬಸಿಗಾಲುವೆಗಳು ಬಸಿಯುವುದೇ ಇಲ್ಲ. ಬಸಿಯದ ತೋಟಕ್ಕೆ ಹಿಡಿಮುಂಡಿಗೆ ರೋಗ ಬರುವುದು ಯಾವ ಅಡಿಕೆ ಬೆಳೆಗಾರನಿಗೂ ಗೊತ್ತಿರುವ ವಿಷಯ. ಕೆಳಗಡೆ ಮೋರಿಯಿಂದ ರಭಸವಾಗಿ ಬಂದ ನೀರು ಎರಡು ಕಡೆ ಗದ್ದೆ ಕೊರೆಯುತ್ತದೆ, ಮರಳು ಹರಡುತ್ತದೆ. ಉಳಿದ ಗದ್ದೆಗಳಿಗೆ ನೀರೇ ತಲುಪುವುದಿಲ್ಲ. ಒಂದೇ ರಸ್ತೆಯ ಒಂದು ಪಕ್ಕದವರು ಮುಳುಗಿದೆ ಅಂತ ಅರ್ಜಿ ಹಾಕುತ್ತಾರೆ, ಇನ್ನೊಂದು ಪಕ್ಕದವರು ಒಣಗಿದೆ ಅಂತ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇದಕ್ಕಿಂತ ಕಾಣದ ತೊಂದರೆ ದರೆ ಕಡಿಯುವುದು. ರಸ್ತೆ ಬೈಲು ದಾಟಿ ಗುಡ್ಡದ ಮಗ್ಗುಲಿಗೆ ಹೋಗುವ ಜಾಗದಲ್ಲಿ ಐದಾರು ಮೀಟರ್ ದರೆ ಕಡಿದರೆ, ನೆಲದೊಳಗೆ ಬೈಲಿನ ಕಡೆ ಬರುತ್ತಿದ್ದ ನೀರು ಅಲ್ಲೇ ಹೊರಬಿದ್ದು ರಸ್ತೆಯ ಚರಂಡಿಗೆ ಸೇರುತ್ತದೆ. ಚರಂಡಿ ಅದನ್ನು ಜುಲೈನಲ್ಲೇ ಹೊಳೆಗೆ ಕಳಿಸಿಬಿಡುತ್ತದೆ. ಬೇಸಿಗೆಗೆ ಒರತೆ ಇಲ್ಲ. ಆ ಒರತೆ ನಂಬಿದ ತೋಟದ ಒಂದು ಗುಂಟೆಯೂ ಭೂಸ್ವಾಧೀನಕ್ಕೆ ಹೋಗಿರುವುದಿಲ್ಲ, ಹಾಗಾಗಿ ಅದರ ಮಾಲೀಕನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಎಂಜಿನಿಯರಿಂಗ್ ದೃಷ್ಟಿಯಿಂದಲೂ ಗದ್ದೆಬೈಲು ಸುಲಭದ ನೆಲ ಅಲ್ಲ. ಕೆಳಗೆ ಮೆತ್ತನೆಯ ಜೇಡಿ. ಭಾರ ಬಿದ್ದರೆ ಕುಗ್ಗುತ್ತದೆ, ಬದಿಗೆ ಜಾರುತ್ತದೆ. 2025ರ ಮೇ ತಿಂಗಳಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಇದೇ ಆಯಿತು. ಗದ್ದೆಬೈಲಿನ ಮೇಲೆ ಎತ್ತರಕ್ಕೆ ಮಣ್ಣು ಏರಿಸಿ ಕಟ್ಟುತ್ತಿದ್ದ 66ನೇ ರಾಷ್ಟ್ರೀಯ ಹೆದ್ದಾರಿ ಕುಸಿಯಿತು. ಆಮೇಲೆ ಆ ಭಾಗದಲ್ಲಿ ಕಂಬಗಳ ಮೇಲೆ ರಸ್ತೆ ಒಯ್ಯುವ ತೀರ್ಮಾನವಾಯಿತು. ಕಂಬದ ಮೇಲಿನ ರಸ್ತೆ ದುಬಾರಿ ಅಂತ ಮೊದಲು ಬಿಟ್ಟು, ಕುಸಿದ ಮೇಲೆ ಅದನ್ನೇ ಕಟ್ಟಿದರೆ ಎರಡು ಸಲ ಖರ್ಚು. ಇದನ್ನು ನಿಮ್ಮ ಅಣ್ಣನಿಗೆ ಹೇಳಿ. ಅವರಿಗೆ ಬೇಕಾಗಿರುವುದು ನಿಲ್ಲುವ ರಸ್ತೆ ತಾನೇ?

ಈಗ ಕಾಲದ ಮಾತು. ಪರಿಸರ ಪರಿಣಾಮದ ವರದಿಗೆ ಒಂದು ಋತುವಿನ ಮಾಹಿತಿ ಸಾಕು, ಅದೂ ಮಳೆಗಾಲ ಬಿಟ್ಟು ಬೇರೆ ಋತು ಅನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಧೂಳು, ಗಾಳಿ, ಶಬ್ದ ಅಳೆಯುವುದಕ್ಕೆ ಅದು ಸರಿ ಇರಬಹುದು. ಜೌಗು ನೆಲವನ್ನು ಮಾರ್ಚಿನಲ್ಲಿ ನೋಡಿ ಏನು ತಿಳಿಯುತ್ತದೆ? ಒಣಗಿದ ಕೂಳೆ, ಬಿರುಕು ಬಿಟ್ಟ ನೆಲ, ನಾಲ್ಕು ದನ. 'ಕೃಷಿ ಭೂಮಿ, ವಿಶೇಷ ಜೀವಿಗಳು ಕಂಡುಬಂದಿಲ್ಲ' ಅಂತ ಬರೆದರೆ ಅದು ಸುಳ್ಳೂ ಅಲ್ಲ. ಮಳೆಯ ಲೆಕ್ಕವನ್ನು ಎಲ್ಲಿಂದ ತಂದರು ಅನ್ನುವುದನ್ನೂ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುತ್ತದೆ. ನೂರು ಕಿಲೋಮೀಟರ್ ಒಳಗಿರುವ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಮಳೆ ಇಷ್ಟು ಬೇಗ ಬದಲಾಗುವ ಸೀಮೆಯಲ್ಲಿ ಜಿಲ್ಲೆಯ ಸರಾಸರಿ ಹಿಡಿದು ಮೋರಿಯ ಅಳತೆ ಮಾಡಿದರೆ, ಪಶ್ಚಿಮದ ಕಡೆ ಹೋದಷ್ಟೂ ಆ ಮೋರಿ ಸಣ್ಣದಾಗುತ್ತದೆ.

ಮಳೆಗಾಲದಲ್ಲಿ ಬಂದಿದ್ದರೆ ಹತ್ತುಮೀನು ನೋಡುತ್ತಿದ್ದರು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ ಹತ್ತಿ ಗದ್ದೆಗೆ ಬರುತ್ತದೆ. ಊರೆಲ್ಲ ಬ್ಯಾಟರಿ, ಕೂಣಿ ಹಿಡಿದು ರಾತ್ರಿ ಇಳಿಯುವುದು ನಿಮಗೆ ಹೊಸದಲ್ಲ. ಕೆಳಗಡೆ ಒಂದಡಿ ಎತ್ತರದಿಂದ ನೀರು ಬೀಳುವ ಹಾಗೆ ಮೋರಿ ಕಟ್ಟಿದರೆ ಸಣ್ಣ ಮೀನು ಹತ್ತಲಾರದು. ಮೋರಿಯ ತಳವನ್ನು ಹಳ್ಳದ ತಳಕ್ಕಿಂತ ಸ್ವಲ್ಪ ಕೆಳಗಿಟ್ಟು, ಒಳಗೆ ಕಲ್ಲು ಮಣ್ಣು ಕೂರುವಂತೆ ಮಾಡಿದರೆ ಹತ್ತುತ್ತದೆ. ಹೆಚ್ಚಿನ ಖರ್ಚೂ ಇಲ್ಲ. ಆದರೆ ಮೀನು ಬರುತ್ತದೆ ಅಂತ ಯಾರಾದರೂ ಬರೆದಿರಬೇಕು. ಕಪ್ಪೆಗಳದ್ದೂ ಅದೇ ಕತೆ. ಅದೇ ಮಳೆಗೆ ಅವು ಗುಡ್ಡದಿಂದ ನೀರಿಗೆ ಇಳಿಯುತ್ತವೆ. ಆ ರಾತ್ರಿಯೇ ರಸ್ತೆಯಲ್ಲಿ ಅರೆದುಹೋಗುತ್ತವೆ.

ಜಡ್ಡಿಯನ್ನು ನಾನು ಉಳಿದ ಎರಡರ ಜೊತೆ ಸೇರಿಸುವುದಿಲ್ಲ. ಗದ್ದೆ, ಕೆರೆ ಮನುಷ್ಯರು ಕಟ್ಟಿದ್ದು. ಕಷ್ಟಪಟ್ಟರೆ ಸ್ವಲ್ಪ ಸರಿಪಡಿಸಬಹುದು, ಹಾನಿ ತುಂಬಿಕೊಡಬಹುದು. ರಾಮಪತ್ರೆ ಜಡ್ಡಿ ಹಾಗಲ್ಲ. ಸದಾ ಹರಿಯುವ ತೆಳ್ಳನೆಯ ನೀರು, ಕೆಸರು, ಅದರಿಂದ ಮೇಲೆದ್ದು ಮೊಣಕಾಲಿನಂತೆ ಬಾಗಿದ ಉಸಿರಾಟದ ಬೇರುಗಳು. ರಸ್ತೆ ಜಡ್ಡಿಯೊಳಗೆ ಹೋಗದೆ ಪಕ್ಕದಲ್ಲಿ ಹೋದರೂ, ಕೆಲಸ ನಡೆಯುವ ಎರಡು ಮಳೆಗಾಲದಲ್ಲಿ ಕೊಚ್ಚಿಬರುವ ಕೆಂಪು ಮಣ್ಣು ಆ ಬೇರುಗಳ ಮೇಲೆ ಕೂತರೆ ಮರಕ್ಕೆ ಉಸಿರು ಕಟ್ಟುತ್ತದೆ. ಬೀಜ ದೊಡ್ಡದು, ಒಣಗಿಸಿ ಇಟ್ಟುಕೊಳ್ಳಲು ಬರುವುದಿಲ್ಲ, ಒದ್ದೆ ನೆಲದಲ್ಲಿ ಬೇಗ ಮೊಳೆಯಬೇಕು. ಅದನ್ನು ದೂರ ಒಯ್ಯುವುದು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳು. ನಿಮ್ಮಿಂದ ಬಹಳ ದೂರವೇನಲ್ಲದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇಂಥ ಜಡ್ಡಿಗಳಿವೆ, ಹೊನ್ನಾವರದ ರಸ್ತೆಗೆ ತಾಗಿಕೊಂಡೇ. ಅಲ್ಲಿಯ ಒಂದು ಮರ 2000ನೇ ಇಸವಿಯಲ್ಲಷ್ಟೇ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾಯಿತು. ಗೇರಿನ ಕುಟುಂಬಕ್ಕೆ ಸೇರಿದ ಅದಕ್ಕೆ ಕಾನಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ದಾರಿ ಪಕ್ಕದ ಮರವೇ 2000ದವರೆಗೆ ಯಾರ ಪಟ್ಟಿಗೂ ಬಂದಿರಲಿಲ್ಲ ಅಂದರೆ, ನಿಮ್ಮ ಊರಿನ ಜಡ್ಡಿಯಲ್ಲಿ ಏನಿದೆ ಅಂತ ಒಂದು ವಾರದ ಸರ್ವೆಯಲ್ಲಿ ಹೇಳುವುದು ಕಷ್ಟ.

ಇದಕ್ಕೆ ಬದಲಾಗಿ ಬೇರೆ ಕಡೆ ಗಿಡ ನೆಡುತ್ತೇವೆ ಅಂತ ಬರೆದರೆ ಒಪ್ಪಬೇಡಿ. ಒಣ ಗುಡ್ಡದ ಮೇಲೆ ಅಕೇಶಿಯಾ ನೆಟ್ಟು ಅದಕ್ಕೆ ಪರಿಹಾರ ಅರಣ್ಯ ಅನ್ನುವುದನ್ನು ಮಲೆನಾಡು ಸಾಕಷ್ಟು ನೋಡಿದೆ. ನನ್ನ ಕ್ರಮ ಇಷ್ಟು: ಮರಳಿ ಪಡೆಯಲಾಗದ್ದನ್ನು ತೂಗುವುದಕ್ಕೇ ಇಡುವುದಿಲ್ಲ. ಅದನ್ನು ಬಿಟ್ಟು ಹೋಗುವ ದಾರಿಗಳನ್ನು ಮಾತ್ರ ಒಂದರ ಪಕ್ಕ ಒಂದು ಇಟ್ಟು ಹೋಲಿಸುತ್ತೇನೆ.

ಕಾನೂನು ಇದನ್ನೆಲ್ಲ ಕಾಯುವುದಿಲ್ಲವೇ ಅಂತ ನೀವು ಕೇಳಬಹುದು. 2017ರ ಜೌಗು ಪ್ರದೇಶಗಳ ನಿಯಮಗಳು ಇವೆ. ಅದರ ವ್ಯಾಖ್ಯೆ ಓದಿದರೆ ನಿಮಗೆ ನಗು ಬರಬಹುದು. ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆ ಅಥವಾ ನೀರಾವರಿಗೆ ಅಂತಲೇ ಕಟ್ಟಿದ ಕೆರೆ, ಇವು ಅದರಲ್ಲಿ ಬರುವುದಿಲ್ಲ. ಅರಣ್ಯ ಕಾನೂನಿನ ಅಡಿ ಇರುವ ಜೌಗೂ ಬರುವುದಿಲ್ಲ. ಅಂದರೆ ನಿಮ್ಮ ಗದ್ದೆ ಹೊರಗೆ, ಕೆರೆ ಹೊರಗೆ, ಜಡ್ಡಿ ಅರಣ್ಯದಲ್ಲಿದ್ದರೆ ಅದೂ ಹೊರಗೆ. ಕೆರೆಗೆ ರಾಜ್ಯದ 2014ರ ಕೆರೆ ಸಂರಕ್ಷಣೆ ಕಾಯ್ದೆ ಇದೆ. ಜಡ್ಡಿಗೆ 1980ರ ಅರಣ್ಯ ಸಂರಕ್ಷಣೆ ಕಾಯ್ದೆ ಇದೆ, ಅರಣ್ಯ ಭೂಮಿ ಬಳಸಲು ಕೇಂದ್ರದ ಒಪ್ಪಿಗೆ ಬೇಕು. ಆದರೆ ನಮ್ಮ ಕಡೆಯ ಕೆಲವು ಕಾನುಗಳು ಕಂದಾಯ ಇಲಾಖೆಯ ಕೈಯಲ್ಲೇ ಉಳಿದಿವೆ. ನಿಮ್ಮ ಕಾನಿನ ಸರ್ವೆ ನಂಬರಿನ ಪಹಣಿ ತೆಗೆಸಿ ಮೊದಲು ನೋಡಿ. ಗದ್ದೆಗೆ ಮಾತ್ರ, ಜೌಗು ಅನ್ನುವ ಕಾರಣಕ್ಕೆ ಸಿಗುವ ರಕ್ಷಣೆ ಯಾವುದೂ ಇಲ್ಲ. ಅದು ಬರೀ ಜಮೀನು.

ಇನ್ನು ಜನ. ಇಲ್ಲೂ ಪಟ್ಟಿಯದೇ ಪ್ರಶ್ನೆ.

2013ರ ಭೂಸ್ವಾಧೀನ ಕಾಯ್ದೆ ಬಂದಾಗ ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯ ಅಂತ ದೊಡ್ಡ ಸುದ್ದಿಯಾಗಿತ್ತು. ರಾಷ್ಟ್ರೀಯ ಹೆದ್ದಾರಿಗೆ ಆ ಭಾಗ ಅನ್ವಯಿಸುವುದಿಲ್ಲ. ಭೂಮಿ ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಅಡಿ. 2015ರ ಜನವರಿ 1ರಿಂದ 2013ರ ಕಾಯ್ದೆಯ ಪರಿಹಾರ ಮತ್ತು ಪುನರ್ವಸತಿಯ ಲೆಕ್ಕ ಮಾತ್ರ ಇದಕ್ಕೂ ಬಂತು. ಹಾಗಾಗಿ ಪಹಣಿಯಲ್ಲಿ ಹೆಸರಿದ್ದವರಿಗೆ ಮೊದಲಿಗಿಂತ ಒಳ್ಳೆಯ ದುಡ್ಡು ಸಿಗುತ್ತದೆ, ಇದನ್ನು ಒಪ್ಪಿಕೊಳ್ಳಬೇಕು. ನಿಮ್ಮ ಊರಿನಲ್ಲಿ ರಸ್ತೆ ಬೇಕು ಅನ್ನುವವರಲ್ಲಿ ಕೆಲವರ ಲೆಕ್ಕ ಅದೇ ಇರಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಗದ್ದೆ ಮಾಡುವವರಿಲ್ಲ, ಬಂದ ದುಡ್ಡು ಬರಲಿ ಅನ್ನುವುದೂ ಒಂದು ನ್ಯಾಯವೇ.

ಪಹಣಿ ಇಲ್ಲದವರ ಗತಿ ಬೇರೆ. ಬಗರ್ ಹುಕುಂ ಸಾಗುವಳಿ ಮಾಡಿ ಅರ್ಜಿ ಹಾಕಿ ಕೂತವರು ಇದ್ದಾರೆ. 1974ರ ಭೂಸುಧಾರಣೆಯ ಮೇಲೆ ಗೇಣಿ ಅನ್ನುವುದು ಕಾಗದದಲ್ಲಿ ಇಲ್ಲ, ಊರಿನಲ್ಲಿ ಬಾಯಿಮಾತಿನ ಮೇಲೆ ನಡೆಯುತ್ತಲೇ ಇದೆ. 1951ರಲ್ಲಿ ಗೇಣಿದಾರರು ಎದ್ದುನಿಂತ ಕಾಗೋಡು ಇರುವ ತಾಲ್ಲೂಕಿನವರು ನೀವು, ಇದನ್ನು ನಾನು ವಿವರಿಸಬೇಕಾಗಿಲ್ಲ. ನಾಟಿಗೆ, ಕೊಯ್ಲಿಗೆ ಹೋಗುವ ಹೆಂಗಸರು, ಕೆರೆಯಲ್ಲಿ ಮೀನು ಹಿಡಿಯುವವರು, ಜಡ್ಡಿಯ ರಾಮಪತ್ರೆ, ಕಾನಿನ ಉಪ್ಪಾಗೆ ಕೊಯ್ದು ಮಾರುವ ಮನೆಗಳು. 2013ರ ಕಾಯ್ದೆಯ ಪ್ರಕಾರ ಇವರೂ ಬಾಧಿತ ಕುಟುಂಬಗಳೇ: ಮೂರು ವರ್ಷದಿಂದ ಅದೇ ಮುಖ್ಯ ಜೀವನೋಪಾಯ ಆಗಿದ್ದರೆ ಕೃಷಿ ಕೂಲಿಯವರು, ಗೇಣಿದಾರರು, ಕಾಡುತ್ಪತ್ತಿ ಸಂಗ್ರಹಿಸುವವರು, ಮೀನು ಹಿಡಿಯುವವರು ಎಲ್ಲರೂ ಬರುತ್ತಾರೆ. ಈ ಸಾಲು ಬಹಳ ಜನರಿಗೆ ಗೊತ್ತಿಲ್ಲ. ಸರ್ವೆಗೆ ಬಂದವರು ಕೇಳುವುದೂ ಇಲ್ಲ, ಯಾಕೆಂದರೆ ಅವರ ಕೈಯಲ್ಲಿರುವುದು ಪಹಣಿಯ ಪಟ್ಟಿ.

ಕಾಗದ ಇಲ್ಲದವರನ್ನು ಬಿಟ್ಟರೆ ಏನಾಗುತ್ತದೆ ಅಂತ ತಿಳಿಯಲು ನಾವು ದೂರ ಹೋಗಬೇಕಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಬಂತು. ಶರಾವತಿ ಸಂತ್ರಸ್ತರ ಎಷ್ಟೋ ಕುಟುಂಬಗಳು, ತಾವು ಕೂತ ಜಾಗಕ್ಕೆ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳ ಕಾಲದಲ್ಲೂ ಅಲೆಯುತ್ತಿವೆ. ಒಟ್ಟು ಲೆಕ್ಕದಲ್ಲಿ ಲಾಭ ಇತ್ತು ಅಂತಲೇ ಆಗಲೂ ಹೇಳಿರುತ್ತಾರೆ. ಒಟ್ಟು ಲೆಕ್ಕ ಸರಿಯೇ ಇದ್ದಿರಬಹುದು. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಆದಾಗ ಒಟ್ಟು ಅನ್ನುವುದಕ್ಕೆ ಹೆಚ್ಚು ಅರ್ಥ ಉಳಿಯುವುದಿಲ್ಲ. ಆದ್ದರಿಂದ ಯಾವ ದಾರಿಯನ್ನೇ ಹೋಲಿಸಿದರೂ ಕೆಳಗೆ ಮೊತ್ತ ಬರೆಯುವ ಬದಲು ಯಾರಿಗೆ, ಎಷ್ಟು ವರ್ಷ, ಸರಿಪಡಿಸಬಹುದೋ ಇಲ್ಲವೋ ಅಂತ ಬರೆಯಿರಿ.

ಅದೇ ಶರಾವತಿ ನಿಮ್ಮ ಅಣ್ಣನ ಪರವಾಗಿಯೂ ಸಾಕ್ಷಿ ಹೇಳುತ್ತದೆ. ಹಿನ್ನೀರಿನಾಚೆಯ ತುಮರಿ ಕಡೆಯ ಜನ ಆರು ದಶಕ ಲಾಂಚ್ ನಂಬಿ ಬದುಕಿದರು. ರಾತ್ರಿ ಹೊತ್ತು ಕಾಯಿಲೆ ಬಂದರೆ ಬೆಳಗಿನವರೆಗೆ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದಾಗ ಅವರಿಗೆ ಆದದ್ದನ್ನು ಯಾವ ಪರಿಸರವಾದಿಯೂ ಸಣ್ಣದು ಅನ್ನಬಾರದು. ರಸ್ತೆ ಇಲ್ಲದಿರುವುದೂ ಒಂದು ಪರಿಣಾಮವೇ, ಅದನ್ನೂ ಪಟ್ಟಿಗೆ ಸೇರಿಸಬೇಕು. ನಿಮ್ಮ ಚಿಂತೆಗೆ ಬಲ ಬರಬೇಕಾದರೆ ಅಣ್ಣನ ಅರ್ಧ ಗಂಟೆಯನ್ನು ಪ್ರಾಮಾಣಿಕವಾಗಿ ಬರೆಯಿರಿ.

ಬರೆದ ಮೇಲೆ ಒಂದು ಪ್ರಶ್ನೆ ಕೇಳಿ: ಆ ಅರ್ಧ ಗಂಟೆ ಹೋಗಿದ್ದು ಎಲ್ಲಿ? ಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರ, ಸಂತೆ ದಿನ, ಲಾರಿಗಳು ಎರಡೂ ಬದಿ ನಿಂತಾಗ ಅನ್ನುವುದಾದರೆ ಸಂತೆ ಜಾಗ ಬದಲಿಸುವುದು, ಲಾರಿ ನಿಲುಗಡೆ ಪೇಟೆಯ ಹೊರಗೆ ಮಾಡುವುದು ಬೈಪಾಸ್‌ಗಿಂತ ಬೇಗ ಆಗುವ ಕೆಲಸ. ದೂರದ ವಾಹನಗಳ ದಟ್ಟಣೆಯೇ ಕಾರಣ ಆಗಿದ್ದರೆ ಬೈಪಾಸ್ ಬೇಕು. ಪೇಟೆಯ ಒಳಗೆ ಹೊರಟು ಒಳಗೇ ಮುಗಿಯುವ ಓಡಾಟ ಎಷ್ಟು, ಹಾದುಹೋಗುವುದು ಎಷ್ಟು ಅನ್ನುವ ಎಣಿಕೆ ಯೋಜನಾ ವರದಿಯಲ್ಲಿ ಇರಬೇಕು. ಮಾಹಿತಿ ಹಕ್ಕಿನಲ್ಲಿ ಅದನ್ನು ಕೇಳಿ ಪಡೆಯಿರಿ. ಬೈಪಾಸ್ ಆದ ಮೇಲೆ ಪೇಟೆಯ ಹೋಟೆಲು, ಪಂಕ್ಚರ್ ಅಂಗಡಿ, ಹಣ್ಣಿನವರ ವ್ಯಾಪಾರ ಇಳಿಯುತ್ತದೆ. ಗದ್ದೆ ಆಚೆ, ಕೊಟ್ಟಿಗೆ ಈಚೆ ಉಳಿದವರಿಗೆ ದನ ದಾಟಿಸಲು, ಟಿಲ್ಲರ್ ಒಯ್ಯಲು ದಿನಕ್ಕೆ ಎರಡು ಸುತ್ತು. ಇವೂ ನಿಮಿಷಗಳೇ.

ಇನ್ನೊಂದು ಇದೆ, ವರದಿಗಳಲ್ಲಿ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಯುವಂಥದ್ದು. 45 ಮೀಟರ್ ಅಗಲದ ರಸ್ತೆಗೆ ಕಿಲೋಮೀಟರಿಗೆ ನಾಲ್ಕೂವರೆ ಹೆಕ್ಟೇರ್, ಅಂದರೆ ಸುಮಾರು 11 ಎಕರೆ ಹೋಗುತ್ತದೆ. ಅದು ರಸ್ತೆಯ ಪಾಲು. ಆಮೇಲೆ ಎರಡೂ ಬದಿಯ ಗದ್ದೆಗೆ ಮಣ್ಣು ತುಂಬಿ ಪೆಟ್ರೋಲ್ ಬಂಕ್, ಕಲ್ಯಾಣ ಮಂಟಪ, ಲೇಔಟು ಬರುತ್ತವಲ್ಲ, ಅದು ಎಷ್ಟು ಎಕರೆ? ಅನೇಕ ಕಡೆ ಜೌಗನ್ನು ಮುಗಿಸುವುದು ರಸ್ತೆಗಿಂತ ಹೆಚ್ಚಾಗಿ ಈ ಎರಡನೇ ಸುತ್ತು. ಗದ್ದೆಬೈಲಿನ ಉದ್ದಕ್ಕೂ ರಸ್ತೆಗೆ ಪಕ್ಕದಿಂದ ಸೇರಲು ಅವಕಾಶ ಇರಬಾರದು ಅನ್ನುವ ಒಂದೇ ಷರತ್ತು ಹತ್ತು ಗಿಡ ನೆಡುವ ಷರತ್ತಿಗಿಂತ ಕೆಲಸಕ್ಕೆ ಬರುತ್ತದೆ.

ಷರತ್ತುಗಳ ಮಾತು ಬಂದಾಗ ಅಮೆರಿಕದ ಯೂಟಾ ರಾಜ್ಯದ ಲೆಗಸಿ ಪಾರ್ಕ್‌ವೇ ನೆನಪಾಗುತ್ತದೆ. ಗ್ರೇಟ್ ಸಾಲ್ಟ್ ಲೇಕ್‌ನ ಪಕ್ಕದ ಜೌಗಿನ ಮೂಲಕ ಸುಮಾರು 22 ಕಿಲೋಮೀಟರ್ ರಸ್ತೆ. ಬೇರೆ ದಾರಿಗಳನ್ನು ಸರಿಯಾಗಿ ಪರಿಶೀಲಿಸಿಲ್ಲ ಅಂತ 2002ರಲ್ಲಿ ಮೇಲ್ಮನವಿ ನ್ಯಾಯಾಲಯ ತಡೆಯಿತು. 2005ರಲ್ಲಿ ರಾಜಿಯಾಯಿತು. 2008ರಲ್ಲಿ ರಸ್ತೆ ತೆರೆದಾಗ ವೇಗಕ್ಕೆ ಗಂಟೆಗೆ 55 ಮೈಲಿಯ ಮಿತಿ, ದೊಡ್ಡ ಲಾರಿಗಳಿಗೆ ನಿಷೇಧ, ಪಕ್ಕದಲ್ಲಿ ಎರಡು ಸಾವಿರ ಎಕರೆಗೂ ಮೀರಿದ ಜೌಗು ಸಂರಕ್ಷಣೆ, ಇವೆಲ್ಲ ಇದ್ದವು. ಮಾದರಿ ಅಂತ ಎಲ್ಲರೂ ಹೊಗಳಿದರು. ಲಾರಿ ನಿಷೇಧಕ್ಕೆ ಮಾತ್ರ ಅವಧಿ ಇತ್ತು. 2020ರಲ್ಲಿ ಮುಗಿಯಿತು, ಲಾರಿಗಳು ಬಂದವು, ವೇಗವೂ ಏರಿತು. ಯಾವ ಷರತ್ತು ಕಾಂಕ್ರೀಟಿನಲ್ಲಿದೆ, ಯಾವುದು ಕಾಗದದಲ್ಲಿದೆ ಅಂತ ನೋಡುವುದನ್ನು ನಾನು ಆ ರಸ್ತೆಯಿಂದ ಕಲಿತೆ. ಕಂಬದ ಮೇಲೆ ಕಟ್ಟಿದ ರಸ್ತೆಯನ್ನು ಯಾರೂ ಆಮೇಲೆ ಕೆಳಗಿಳಿಸುವುದಿಲ್ಲ.

ನಿಮ್ಮ ಜಾಗವನ್ನು ನಾನು ನೋಡಿಲ್ಲ. ಪತ್ರದಲ್ಲಿ ಇದ್ದಷ್ಟರ ಮೇಲೆ ಹೇಳುವುದಾದರೆ, ಜಡ್ಡಿ ಮತ್ತು ಅದಕ್ಕೆ ನೀರು ಕೊಡುವ ಗುಡ್ಡದ ಮಗ್ಗುಲನ್ನು ಪೂರ್ತಿ ಬಿಟ್ಟು ರಸ್ತೆ ತಿರುಗಬೇಕು. ಎರಡು ಕಿಲೋಮೀಟರ್ ಉದ್ದವಾದರೂ ಸರಿ. ಗದ್ದೆಬೈಲನ್ನು ಅತಿ ಕಿರಿದಾದ ಕಡೆ ಹುಡುಕಿ, ನೀರು ಹರಡುವ ಅಗಲವಿಡೀ ಕಂಬದ ಮೇಲೆ ದಾಟಲಿ. ಕೆಳಗೆ ದನ, ಟಿಲ್ಲರ್, ಮೀನು ಎಲ್ಲ ಓಡಾಡಬಹುದು. ಕೆರೆಯ ಹಿನ್ನೀರಿಗೆ ಮಣ್ಣು ತುಂಬುವ ಮಾತೇ ಬೇಡ. ನಾಲ್ಕು ಪಥದ ಬದಲು ಎರಡು ಪಥದ ಬೈಪಾಸ್ ಸಾಕೇ ಅಂತಲೂ ಕೇಳಿ. ಇದನ್ನು ಕೇಳುವವರೇ ಇಲ್ಲದ್ದರಿಂದ ಎಷ್ಟೋ ಕಡೆ ಅಗಲ ಸುಮ್ನೆ ಜಾಸ್ತಿಯಾಗಿದೆ.

ಇದನ್ನೆಲ್ಲ ಎಲ್ಲಿ ಹೇಳುವುದು? ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, ಅಲ್ಲಿ ಮಾತಾಡೋಣ ಅಂತ ಊರವರು ಕಾಯುತ್ತಿದ್ದರೆ ಎಚ್ಚರ. ಪರಿಸರ ಅನುಮತಿ ಬೇಕಾದ ಯೋಜನೆಗೆ ಮಾತ್ರ ಆ ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆಗೆ 2013ರಲ್ಲಿ ಆದ ತಿದ್ದುಪಡಿಯಂತೆ, ಇರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿಲೋಮೀಟರಿಗಿಂತ ಉದ್ದ ಇದ್ದು, ಹೆಚ್ಚುವರಿ ಜಾಗ ಹಳೆಯ ದಾರಿಯಲ್ಲಿ 40 ಮೀಟರ್, ಬೈಪಾಸ್‌ನಲ್ಲಿ 60 ಮೀಟರ್ ಮೀರಿದರೆ ಮಾತ್ರ ಅನುಮತಿ ಬೇಕು. ಶಿವಮೊಗ್ಗದಿಂದ ಸಾಗರಕ್ಕೇ 100 ಕಿಲೋಮೀಟರ್ ಇಲ್ಲ. ತುಣುಕು ತುಣುಕಾಗಿ ಟೆಂಡರ್ ಕರೆದರೆ ಸಭೆಯೇ ಇರುವುದಿಲ್ಲ. ಪೂರ್ತಿ ಹೊಸ ಹೆದ್ದಾರಿ ಆಗಿದ್ದರೆ ಇರುತ್ತದೆ. ಆಗ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ, ಕನ್ನಡದಲ್ಲಿ ವರದಿಯ ಸಾರಾಂಶ, ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಯ ಅಧ್ಯಕ್ಷತೆ, ವಿಡಿಯೋ ದಾಖಲೆ ಎಲ್ಲ ಕಡ್ಡಾಯ. ನಿಮ್ಮದು ಯಾವ ಬಗೆ ಅಂತ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಹುಡುಕಿ. ಅರಣ್ಯ ಭೂಮಿಯ ಅರ್ಜಿಯೂ ಅಲ್ಲೇ ಸಿಗುತ್ತದೆ. ರಸ್ತೆಯಂಥ ಯೋಜನೆಗಳಿಗೆ ಅರಣ್ಯ ಹಕ್ಕಿನ ಗ್ರಾಮಸಭೆ ಒಪ್ಪಿಗೆಯಿಂದ 2013ರಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ಆದರೂ ಗ್ರಾಮಸಭೆ ಮಾಡಿ ನಿರ್ಣಯ ಬರೆಸಿಕೊಳ್ಳುವುದನ್ನು ಯಾರೂ ತಡೆದಿಲ್ಲ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆಯಲ್ಲ, ಬಹುತೇಕ ಕಡೆ ಹೆಸರಿಗಷ್ಟೇ ಇರುವುದು, ಅದರ ದಾಖಲಾತಿ ಪುಸ್ತಕದಲ್ಲಿ ಜಡ್ಡಿ, ಒರತೆ, ಹತ್ತುಮೀನು ಬರುವ ಹಳ್ಳಗಳನ್ನು ಈಗಲೇ ಸೇರಿಸಿ. ಆಮೇಲೆ ಬಂದವರು 'ಕಂಡುಬಂದಿಲ್ಲ' ಅಂತ ಬರೆಯುವುದು ಕಷ್ಟವಾಗುತ್ತದೆ.

ಈ ಮಳೆಗಾಲ ಕೈಯಲ್ಲಿದೆ. ಕಲ್ಲು ನೆಟ್ಟ ಸಾಲಿನಲ್ಲಿ ಅಡಿಗಳನ್ನು ಗುರುತು ಮಾಡಿದ ಗೂಟ ಹೊಡೆಯಿರಿ. ದೊಡ್ಡ ಮಳೆಯ ಮರುದಿನ ನೀರು ಎಲ್ಲಿವರೆಗೆ ಬಂತು ಅಂತ ದಿನಾಂಕ ಕಾಣುವಂತೆ ಫೋಟೋ ತೆಗೆಯಿರಿ. ಒರತೆಗಳ ಜಾಗವನ್ನು ಮೊಬೈಲ್ ನಕ್ಷೆಯಲ್ಲಿ ಗುರುತಿಸಿ. ಗೇಣಿ, ಕೂಲಿ, ಮೀನು, ಕಾಡುತ್ಪತ್ತಿ ನಂಬಿದ ಮನೆಗಳ ಪಟ್ಟಿ ಮಾಡಿ. ಅಣ್ಣನನ್ನೂ ಜೊತೆಗೆ ಕರೆದುಕೊಳ್ಳಿ. ಗೂಟ ಹೊಡೆಯುವುದಕ್ಕೆ ಇಬ್ಬರು ಬೇಕು, ಅದಲ್ಲದೆ ರಸ್ತೆ ಬೇಕು ಅನ್ನುವವರ ಸಹಿಯೂ ಇರುವ ಅಳತೆಯನ್ನು ಅಧಿಕಾರಿಗಳು ತಳ್ಳಿಹಾಕುವುದು ಸುಲಭ ಅಲ್ಲ.

ಕಲ್ಲು ನೆಟ್ಟ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತ ಅಲ್ಲ. ಅದು ಬರೀ ಸರ್ವೆ ಇರಬಹುದು. ಹೆದ್ದಾರಿ ಕಾಯ್ದೆಯ 3ಎ ಪ್ರಕಟಣೆ (ಭೂಮಿ ತೆಗೆದುಕೊಳ್ಳುವ ಉದ್ದೇಶ ತಿಳಿಸುವುದು) ರಾಜಪತ್ರದಲ್ಲಿ ಬಂದ ದಿನದಿಂದ 21 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು, ಖುದ್ದಾಗಿ ಹೇಳಿಕೊಳ್ಳುವ ಅವಕಾಶ ಕೊಡಲೇಬೇಕು. ಅದಾದ ಮೇಲೆ 3ಡಿ ಘೋಷಣೆ ಬಂದರೆ ಭೂಮಿ ಸರ್ಕಾರದ್ದು, ಉಳಿಯುವುದು ಪರಿಹಾರದ ಚೌಕಾಶಿ. 3ಎ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರುತ್ತದೆ, ಒಂದು ಕನ್ನಡದ್ದು. ಬರೀ ಸರ್ವೆ ನಂಬರುಗಳ ಸಣ್ಣಕ್ಷರದ ಪುಟ ಅದು. ನಾಳೆಯೇ ಭೂಸ್ವಾಧೀನಾಧಿಕಾರಿಯ ಕಚೇರಿಗೆ ಹೋಗಿ ಬಂದಿದೆಯಾ ಅಂತ ವಿಚಾರಿಸಿ. ಬಂದಿದ್ದರೆ ಗೂಟ, ಫೋಟೋ ಎಲ್ಲ ಆಮೇಲೆ. ಮೊದಲು ಒಂದು ಪುಟದ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.